ಸಪ್ಪಳವಿಲ್ಲದ ಬೆಳಕು

ನಾನು ಸೊಸೆಯಾಗಿ ಬಂದ ಊರು ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ದಾರಿಯಲ್ಲಿದೆ. ಇಲ್ಲಿ ಬಸ್ಸು ನಿಲ್ಲಿಸಿ ಎಂದರೆ ಕಂಡಕ್ಟರ್ ಮುಖ ಗಂಟಿಕ್ಕುತ್ತಿದ್ದ, ಅಷ್ಟು ಸಣ್ಣ ಊರು. ನನ್ನ ತವರು ಗಂಗಾವತಿ. ಅಲ್ಲಿ ಗೋಡೆಯ ಮೇಲಿನ ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು. ಆಣೆಕಟ್ಟಿನ ನೀರಿನಿಂದ ಕರೆಂಟ್ ತಯಾರಾಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೆವು, ಪರೀಕ್ಷೆ ಬರೆದು ಮರೆತೂ ಬಿಟ್ಟಿದ್ದೆವು. ಗಂಡನ ಮನೆಯಲ್ಲಿ ಮಾತ್ರ ಬೆಳಕು ಎಲ್ಲಿಂದ ಬರುತ್ತದೆ ಎಂಬುದನ್ನು ಯಾರೂ ಮರೆಯುವಂತಿರಲಿಲ್ಲ. ಅದು ಅರ್ಧ ಊರಿಗೆ ಕೇಳಿಸುತ್ತಿತ್ತು.

ಮಾವನವರದು ಹಿಟ್ಟಿನ ಗಿರಣಿ. ಮನೆಗೆ ಹತ್ತಿಕೊಂಡ ತಗಡಿನ ಕೋಣೆಯಲ್ಲಿ ಡೀಸೆಲ್ ಎಂಜಿನ್ನು, ಅದರಿಂದ ಗಿರಣಿಯ ಕಲ್ಲಿಗೆ ಉದ್ದನೆಯ ಪಟ್ಟಾ. ಹಗಲೆಲ್ಲ ಅದು ಊರಿನ ಜೋಳ ಬೀಸುತ್ತಿತ್ತು. ಸಂಜೆಯಾದರೆ ಮಾವ ಆ ಪಟ್ಟಾ ಬಿಚ್ಚಿ ಡೈನಮೋಗೆ ಹಾಕುತ್ತಿದ್ದರು. ಆಗ ನಮ್ಮ ಮನೆಯಲ್ಲೂ ಎದುರಿನ ಊರ ಚಾವಡಿಯಲ್ಲೂ ಬಲ್ಬುಗಳು ಹತ್ತುತ್ತಿದ್ದವು. ಊರಿಗೆ ಸರ್ಕಾರದ ಕರೆಂಟಿನ ಕಂಬಗಳು ಬಂದಿದ್ದವು, ತಂತಿ ಬಂದಿರಲಿಲ್ಲ. ಕಂಬಗಳಿಗೆ ಎಮ್ಮೆ ಕಟ್ಟುತ್ತಿದ್ದರು. ಹೀಗಾಗಿ ಸುತ್ತಲಿನ ಹಳ್ಳಿಗಳಲ್ಲಿ ಮಾವನಿಗೆ ಗೌಡರಿಗಿಂತ ಒಂದು ಕೈ ಹೆಚ್ಚೇ ಮರ್ಯಾದೆಯಿತ್ತು. ಯಾರ ಮನೆಯ ಮದುವೆಯಾದರೂ ಆಮಂತ್ರಣದ ಮೊದಲ ಅಕ್ಷತೆ ಎಂಜಿನ್ನಿನ ಯಜಮಾನರಿಗೆ.

ಎಂಜಿನ್ನಿನ ಒಂದೊಂದು ಬಡಿತಕ್ಕೂ ಬಲ್ಬು ಮಂಕಾಗಿ ಮತ್ತೆ ಉರಿಯುತ್ತಿತ್ತು. ಆ ಬೆಳಕಿನಲ್ಲಿ ನಾವು ಒಬ್ಬರಿಗೊಬ್ಬರು ಕಾಣುತ್ತಿದ್ದೆವು, ಕೇಳಿಸುತ್ತಿರಲಿಲ್ಲ. ಊಟಕ್ಕೆ ಕೂತವರು ಇನ್ನೊಂದು ರೊಟ್ಟಿ ಬೇಕೆಂದರೆ ಕೈ ಎತ್ತುತ್ತಿದ್ದರು, ಸಾಕೆಂದರೆ ತಾಟಿನ ಮೇಲೆ ಅಂಗೈ ಮುಚ್ಚುತ್ತಿದ್ದರು. ಹೊಸದಾಗಿ ಬಂದಾಗ ಈ ಸನ್ನೆಗಳು ನನಗೆ ತಿಳಿಯುತ್ತಿರಲಿಲ್ಲ. ಮಾವ ಸಾಕು ಸಾಕು ಎಂದು ಕೈ ಅಲ್ಲಾಡಿಸಿದಂತೆಲ್ಲ ನಾನು ಕೆಂಪು ಚಟ್ನಿ ಬಡಿಸಿದೆ. ಪಾಪ, ಅವರು ಕಣ್ಣಲ್ಲಿ ನೀರು ತುಂಬಿಕೊಂಡು ಉಂಡರು. ಎಂಜಿನ್ನು ಬಂದ್ ಮಾಡಿದರೆ ಮಾತಾಡಬಹುದಿತ್ತು, ಆದರೆ ಕತ್ತಲಾಗುತ್ತಿತ್ತು. ಆ ಮನೆಯಲ್ಲಿ ಬೆಳಕು ಇಲ್ಲವೇ ಮಾತು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು.

ಇದರಿಂದ ಎಲ್ಲರಿಗಿಂತ ಹೆಚ್ಚು ನಷ್ಟವಾದದ್ದು ನಮ್ಮ ಅತ್ತೆಗೆ. ಒಡಪು ಕಟ್ಟುವುದರಲ್ಲಿ ಆಕೆ ಗಟ್ಟಿಗಿತ್ತಿ. ನಮ್ಮ ಕಡೆ ಗಂಡನ ಹೆಸರು ಹೆಂಡತಿಯ ಬಾಯಿಗೆ ಬರಬಾರದು. "ಅವರು", "ಇವರು", "ಗಿರಣಿಯವರು", ಹೀಗೆ ಸುತ್ತುಬಳಸಿಯೇ ಸಂಸಾರ ನಡೆಯಬೇಕು. ಮದುವೆ ಮುಂತಾದ ಶುಭಕಾರ್ಯದಲ್ಲಿ ಆರತಿ ಹಿಡಿದಾಗ ಮಾತ್ರ ಹೆಸರು ಹೇಳಲು ಅವಕಾಶ. ಅದೂ ಸುಮ್ಮನೆ ಹೇಳುವಂತಿಲ್ಲ, ಪ್ರಾಸ ಹೊಂದಿಸಿ ನಾಲ್ಕು ಮಾತಿನ ಒಡಪು ಕಟ್ಟಿ, ಅದರ ಕೊನೆಗೆ ಹೆಸರನ್ನು ಪೋಣಿಸಬೇಕು. ನನ್ನ ಮದುವೆಯ ದಿನ ಅತ್ತೆ ಹೊಸ್ತಿಲಲ್ಲಿ ಆರತಿ ಹಿಡಿದು ಒಡಪು ಹೇಳಿದರು. ಅವರ ತುಟಿ ಅಲ್ಲಾಡಿದ್ದನ್ನು ಕಂಡೆ, ಒಂದು ಅಕ್ಷರ ಕೇಳಲಿಲ್ಲ. ಸುತ್ತಲಿನ ಹೆಂಗಸರು ನಕ್ಕರೆಂದು ನಾನೂ ನಕ್ಕೆ. ಅವರಿಗೂ ಕೇಳಿರಲಿಲ್ಲವಂತೆ. ತುಟಿ ನಿಂತಾಗ ನಗಬೇಕು ಎಂಬುದು ಅವರಿಗೆ ರೂಢಿಯಾಗಿತ್ತು.

ಹಿರಿಯ ಇಬ್ಬರು ಹೆಣ್ಣುಮಕ್ಕಳ ಮದುವೆಯಲ್ಲೂ ಹೀಗೇ ಆಗಿತ್ತು. ಉಳಿದವಳು ಕಿರಿಯ ಮಗಳು, ನನ್ನ ನಾದಿನಿ. ಎಂಬತ್ತರ ದಶಕದ ನಡುವಿನಲ್ಲಿ ಅವಳಿಗೆ ಕೊಪ್ಪಳದ ಹತ್ತಿರ ಭಾಗ್ಯನಗರದ ಒಂದು ಮನೆತನದಲ್ಲಿ ಸಂಬಂಧ ಗಟ್ಟಿಯಾಯಿತು. ಮಾಘ ಮಾಸದಲ್ಲಿ ಮದುವೆ. ಮಾತು ಮುಗಿಸಿ ಬೀಗರು ಬಸ್ಸು ಹತ್ತಿದ ಮಧ್ಯಾಹ್ನ ಅತ್ತೆ ನನ್ನೊಡನೆ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು.

"ಇದು ಕಡೀ ಮದುವಿ ನೋಡವಾ," ಎಂದರು. "ನಾ ಇಷ್ಟ ಮದುವ್ಯಾಗ ಅವರ ಹೆಸರ ಹೇಳೀನಿ. ಅವರಿಗೆ ಒಮ್ಮಿನೂ ಕೇಳಿಲ್ಲ. ತಗಡಿನ ಕ್ವಾಣ್ಯಾಗ ಎಂಜಿನ್ ಮುಂದ ಕುಂತಿರತಾರ."

"ನಿಮ್ಮ ಮದುವ್ಯಾಗ, ಅತ್ತಿ?"

"ಅವಾಗ ಬಾಜಾ ಬಜಂತ್ರಿ. ಮ್ಯಾಲೆ ನನಗ ನಾಚಿಕಿ. ಬಾಯಾಗ ಗೊಣಗಿ ಬಿಟ್ನಿ."

ಮೊರದಲ್ಲಿ ಬೇಳೆ ಕೇರಿದರು. ಆಮೇಲೆ ಅವರಾಗಿಯೇ ಹೇಳಿದರು. "ಈ ಸಲಾರ ಅವರ ಕಿವಿಗೆ ಬಿದ್ದಿದ್ರ ಛಲೋ ಇತ್ತು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಎಂಜಿನ್ನಿನ ಮೇಲೆ. ಅದರ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿಯೇನೂ ಇರಲಿಲ್ಲ. ಒಗೆದು ಹಾಕಿದ ಸೀರೆಗೆ ಮಸಿ ಕೂರುತ್ತಿತ್ತು, ಮಾವನ ಧೋತರಕ್ಕೆ ಹತ್ತಿದ ಡೀಸೆಲ್ ವಾಸನೆ ಯಾವ ಸಾಬೂನಿಗೂ ಬಗ್ಗುತ್ತಿರಲಿಲ್ಲ. ಎಣ್ಣೆ ಸಿಗದ ದಿನಗಳಲ್ಲಂತೂ ಚಕ್ಕಡಿಯಲ್ಲಿ ಬ್ಯಾರಲ್ ಹೇರಿಕೊಂಡು ಕುಷ್ಟಗಿಗೆ ಹೋದವರು ಪಾಳಿಯಲ್ಲಿ ನಿಂತು ನಿಂತು ಮರುದಿನ ಬರುತ್ತಿದ್ದರು. ಆದರೆ ಅತ್ತೆಯ ಬಾಯಿಂದ ಬಂದ ಹೆಸರನ್ನೂ ಆ ಎಂಜಿನ್ನು ನುಂಗಿದೆ ಎಂದು ತಿಳಿದದ್ದು ಅಂದೇ. ಅದನ್ನು ನಾನು ಕ್ಷಮಿಸಲಿಲ್ಲ.

ಅದೇ ಚಳಿಗಾಲದಲ್ಲಿ ನಮ್ಮ ಚಾವಡಿಗೆ ಸೋಲಾರ್ ಬಂತು. ತಂತಿ ಬರುವುದು ತಡವಾಗುವ ಊರುಗಳಲ್ಲಿ ಪ್ರಯೋಗಕ್ಕೆಂದು ಕೊಟ್ಟದ್ದಂತೆ. ಜೀಪಿನಲ್ಲಿ ಬಂದ ಎಳೆಯ ವಯಸ್ಸಿನ ಎಂಜಿನಿಯರ್ ಚಾವಡಿಯ ಮಾಳಿಗೆ ಹತ್ತಿ, ಕಬ್ಬಿಣದ ಕಾಲುಗಳ ಮೇಲೆ ಒಂದು ಕಪ್ಪು ಗಾಜಿನ ಹಲಗೆ ಕೂರಿಸಿದ. ಒಳಗೆ ಒಂದು ಬ್ಯಾಟರಿ, ಅಂಗಳಕ್ಕೆ ಕಾಣುವಂತೆ ಎರಡು ಗಿಡ್ಡ ಟ್ಯೂಬ್‌ಲೈಟು. ಬಿಸಿಲು ಗಾಜಿನ ಮೇಲೆ ಬಿದ್ದರೆ ಕರೆಂಟಾಗಿ ಬ್ಯಾಟರಿಯಲ್ಲಿ ಕೂಡಿಕೊಳ್ಳುತ್ತದೆ, ಸಂಜೆ ಗುಂಡಿ ಒತ್ತಿದರೆ ದೀಪ, ಎಂದು ಹೇಳಿ ಹೋದ. ಊರೆಲ್ಲ ಸೇರಿ ನೋಡಿತು. ಮಾವ ದೂರದಲ್ಲಿ ಕೈಕಟ್ಟಿ ನಿಂತು ನೋಡಿದರು.

"ಏನೂ ಸುಡಂಗಿಲ್ಲ, ಏನೂ ತಿರಗಂಗಿಲ್ಲ, ಸಪ್ಪಳಂತೂ ಇಲ್ಲ," ಎಂದರು ಮನೆಗೆ ಬಂದು. "ಇದೆಂಥಾ ಕರೆಂಟು? ರಾಯಚೂರ ಕಡೆ ದೊಡ್ಡವರು ರೈಲಗಟ್ಟಲೆ ಕಲ್ಲಿದ್ದಲಿ ಸುಟ್ಟ ಕರೆಂಟ್ ಮಾಡಾಕ ಹತ್ಯಾರ. ಅವರಿಗೆ ಬಿಸಲ ಕಂಡಿಲ್ಲೇನು? ರಾಯಚೂರಾಗ ಬಿಸಲಿಗೆ ಬರಗಾಲ ಐತೇನು?"

ನಾನು ಪಿಯುಸಿವರೆಗೆ ಓದಿದವಳು, ಸುಮ್ಮನಿರುವ ಸ್ವಭಾವವೂ ಅಲ್ಲ. "ಮಾವಾರ, ಕಲ್ಲಿದ್ದಲಿ ಆಗಲಿ ನಿಮ್ಮ ಡೀಸೆಲ್ ಆಗಲಿ, ನೆಲದಾಗ ಹುಗದಿದ್ದನ್ನ ತಗದು ಸುಡೂದು. ಸುಟ್ಟರ ಮುಗೀತು. ಬಿಸಲ ನಾಳಿನೂ ಬರತೈತಿ," ಎಂದೆ.

"ಬರತೈತಿ ಖರೆ. ಮೋಡ ಬಂದ್ರ?"

ಮಾವ ಮೀಸೆಯಡಿ ನಕ್ಕರು. "ನನ್ನ ಎಂಜಿನ್ ಮೋಡಾ ಕೇಳಂಗಿಲ್ಲ, ಮಳಿ ಕೇಳಂಗಿಲ್ಲ. ಹ್ಯಾಂಡಲ್ ಹೊಡದ್ರ ಗುಡುಗತೈತಿ. ನಿನ್ನ ಗಾಜಿನ ಹಲಗಿ ಒಂದ ಸೇರ ಜ್ವಾಳ ಬೀಸಲಿ, ಆಮ್ಯಾಲೆ ಮಾತಾಡು, ಗಂಗಾವತಿಯಾಕಿ." ಸೋಲಿಸಿದಾಗಲೆಲ್ಲ ಅವರು ನನ್ನನ್ನು ಹಾಗೆ ಕರೆಯುತ್ತಿದ್ದರು. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಆ ಹಲಗೆಗೆ ಗಿರಣಿಯ ಕಲ್ಲು ತಿರುಗಿಸುವ ತಾಕತ್ತು ಎಲ್ಲಿಂದ ಬರಬೇಕು?

ಅತ್ತೆಯ ಲೆಕ್ಕ ಬೇರೆಯಾಗಿತ್ತು. ಅರಿಷಿಣದ ಹಂದರವನ್ನು ಚಾವಡಿಯ ಅಂಗಳದಲ್ಲೇ ಹಾಕುವುದು ನಮ್ಮೂರ ರೂಢಿ. ಅಲ್ಲಿ ಟ್ಯೂಬ್‌ಲೈಟು ಉರಿದರೆ ಎಂಜಿನ್ನು ಬೇಡ. ಎಂಜಿನ್ನು ಬೇಡವಾದರೆ ಮಾತು ಕೇಳುತ್ತದೆ. ರೊಟ್ಟಿ ಬಡಿಯುತ್ತ ಆಕೆ ಗಂಡನಿಗೆ ಬಹಳ ಮೆಲ್ಲಗೆ ಹೇಳಿದರು. "ಏನ್ರಿ, ಅರಿಷಿಣದ ಸಂಜಿ ನೀವೂ ಹಂದರದಾಗ ಕುಂದರ್ರಿ. ಎಂಜಿನ್ನಿಗೆ ಒಂದಿನ ಸೂಟಿ ಕೊಡ್ರಿ."

ಮಾವನ ಮುಖ ಇಳಿಯಿತು. ಸ್ವಂತ ಮಗಳ ಮದುವೆಯಲ್ಲೇ ಅವರ ಎಂಜಿನ್ನು ಸುಮ್ಮನಿದ್ದರೆ ಬೀಗರು ಏನಂದಾರು? ಆದರೂ ಹೆಂಡತಿ ಏನನ್ನಾದರೂ ಕೇಳಿದ್ದೇ ಅಪರೂಪ. ಒಂದು ಷರತ್ತು ಹಾಕಿ ಒಪ್ಪಿದರು. "ಮದುವಿ ಮುಂಚೆ ಸಾಲಾಗಿ ನಾಕ ಸಂಜಿ ಅದು ಪೂರಾ ಉರದು ತೋರಸ್ಲಿ. ನಡುವ ಆರಿದ್ರ ನಾ ಹ್ಯಾಂಡಲ್ ಹೊಡ್ಯಾವ. ಆಮ್ಯಾಲೆ ನನಗ ಅನಬ್ಯಾಡ್ರಿ."

ಮೊದಲ ಸಂಜೆಯೇ ಅದು ಆರಿತು. ಚಾವಡಿಯಲ್ಲಿ ಕೂತ ಹಿರಿಯರು ಒಂದು ಸುತ್ತು ಸುದ್ದಿ ಮುಗಿಸುವಷ್ಟರಲ್ಲಿ ಟ್ಯೂಬುಗಳ ತುದಿ ಕೆಂಪಾಗಿ, ಮಿಣುಕಿ, ಆರಿಬಿಟ್ಟವು. ಮರುದಿನವೂ ಅದೇ ಕಥೆ. ಮಾವ ಇದನ್ನೇ ಕಾಯುತ್ತಿದ್ದವರಂತೆ ಹ್ಯಾಂಡಲ್ ಹೊಡೆದರು. ಎಂಜಿನ್ನು ಗುಡುಗಿತು, ಬಲ್ಬುಗಳು ಹತ್ತಿದವು, ಊರಿಗೆ ಹೋದ ಜೀವ ಬಂದಂತಾಯಿತು. ಅತ್ತೆ ಒಳಗೆ ಹೋಗಿ ಒಲೆ ಹೊತ್ತಿಸಿದರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನೀರು ತರಲು ಹೋದಾಗ ಚಾವಡಿಯ ಮಾಳಿಗೆಯ ಕಡೆ ನೋಡಿದೆ. ಹಲಗೆ ಕಬ್ಬಿಣದ ಕಾಲುಗಳ ಮೇಲೆ ಇರಲೇ ಇಲ್ಲ. ಅದನ್ನು ಬಿಚ್ಚಿ ತಂದು, ಮಾಳಿಗೆಯ ಮೂಡಣದ ಅಂಚಿನ ಗೋಡೆಯ ಮೇಲೆ, ಮೂಡಣಕ್ಕೆ ಮುಖ ಮಾಡಿ, ದೇವರ ಫೋಟೋದಂತೆ ನೆಟ್ಟಗೆ ನಿಲ್ಲಿಸಿದ್ದರು. ಗಾಜಿನ ತುಂಬ ದಪ್ಪನೆಯ ಮೂರು ಪಟ್ಟಿ ವಿಭೂತಿ, ಅದರ ಮೇಲೊಂದು ಚೆಂಡುಹೂವಿನ ಮಾಲೆ. ಸೂರ್ಯ ನೆತ್ತಿ ದಾಟಿ ಪಡುವಣಕ್ಕೆ ವಾಲಿದ್ದ. ಹಲಗೆ ಅವನಿಗೆ ಬೆನ್ನು ತಿರುಗಿಸಿ ನೆರಳಿನಲ್ಲಿ ತಣ್ಣಗೆ ನಿಂತಿತ್ತು.

ಕೇಳಿದರೆ ಕಾರಣ ತಿಳಿಯಿತು. ಎಂಜಿನಿಯರ್ ಹುಡುಗ ಅದನ್ನು ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದ್ದ. ದಕ್ಷಿಣ ಯಮನ ದಿಕ್ಕು. ನಮ್ಮೂರಲ್ಲಿ ಆ ದಿಕ್ಕಿಗೆ ಬಾಗಿಲು ಇಡುವುದಿಲ್ಲ, ಹೊಸ ಸಾಮಾನನ್ನು ಅತ್ತ ಮುಖ ಮಾಡಿ ಇಡುವುದಂತೂ ಇಲ್ಲವೇ ಇಲ್ಲ. ಜೀಪಿನ ದೂಳು ಇಳಿಯುವ ಮೊದಲೇ ಹಿರಿಯರು ಹುಡುಗರನ್ನು ಮಾಳಿಗೆ ಹತ್ತಿಸಿ, ಊರಿಗೆ ಬಂದ ಸೂರ್ಯನ ಸಾಮಾನನ್ನು ಸೂರ್ಯ ಹುಟ್ಟುವ ದಿಕ್ಕಿಗೆ ತಿರುಗಿಸಿ ಪೂಜೆ ಮಾಡಿಸಿದ್ದರು.

ನಾನು ಮನೆಗೆ ಬಂದು ಅತ್ತೆಗೆ ಎಲ್ಲ ಬಿಡಿಸಿ ಹೇಳಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣದ ಕಡೆ ಸರಿದು ನಡೆಯುತ್ತಾನೆ. ಹಲಗೆ ಅತ್ತ ವಾಲಿಕೊಂಡಿದ್ದರೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಸಿಗುತ್ತದೆ. ಗಾಜಿನ ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಹಲಗೆ ಸೋಮಾರಿಯಾಗುತ್ತದೆ ಎಂದು ಆ ಎಂಜಿನಿಯರೇ ಹೇಳಿದ್ದ. ಇದನ್ನೆಲ್ಲ ನನ್ನ ಗಂಡ ಚಾವಡಿಗೆ ಹೋಗಿ ಹೇಳಿದರು. ಹಿರಿಯರು ತಲೆದೂಗಿ ಕೇಳಿ, "ಎಲ್ಲಾ ಖರೆ ತಮ್ಮಾ, ಆದ್ರ ದಕ್ಷಿಣಕ್ಕ ಮುಖ ಬ್ಯಾಡ," ಎಂದು ಎಲೆಯಡಿಕೆ ಚೀಲ ಬಿಚ್ಚಿದರಂತೆ.

ಅಂದು ಹೊಲದಿಂದ ಬರುತ್ತ ಅತ್ತೆ ನೇರ ಮನೆಗೆ ಬರಲಿಲ್ಲ. ಕಂಕುಳಲ್ಲಿ ಕುಡುಗೋಲು, ತಲೆಯ ಮೇಲೆ ಸೆರಗು, ಚಾವಡಿಯ ಮೆಟ್ಟಿಲ ಕೆಳಗೆ ನಿಂತರು. ಹಿಂದೆ ಹುಲ್ಲಿನ ಹೊರೆ ಹೊತ್ತು ನಾನು. ಹಿರಿಯರ ನಡುವೆ ಮಾವನೂ ಕೂತಿದ್ದರು.

"ಒಂದ ಮಾತ ಕೇಳ್ತೀನ್ರಿ, ತಪ್ಪ ತಿಳಕೋಬ್ಯಾಡ್ರಿ," ಎಂದರು ಅತ್ತೆ, ಎಲ್ಲರಿಗಿಂತ ಹಿರಿಯ ಅಜ್ಜನಿಗೆ. "ಹೊಲದಾಗ ಕಳೆ ತಗಿಯಾಗ ಬಿಸಲಿಗೆ ಮುಖ ಕೊಡ್ತೀರೋ, ಬೆನ್ನ ಕೊಡ್ತೀರೋ?"

"ಬೆನ್ನ ಕೊಡ್ತೀವಿ. ಮುಖ ಕೊಟ್ಟ ದುಡಿಯಾಕ ಬರತೈತೇನು?"

"ಮತ್ತ ಈ ಹಲಗಿ ಬಿಸಲಾಗ ದುಡಿಯೂದ ಹೌದಲ್ರಿ? ಬಿಸಲ ಬೀಳೂ ಗಾಜು ಅದರ ಬೆನ್ನು. ಬೆನ್ನ ದಕ್ಷಿಣಕ್ಕ ಮಾಡಿ ಕುಂದರಿಸಿದ್ರ ಮುಖ ಉತ್ತರಕ್ಕ ಬಂತು. ಉತ್ತರ ಶುಭ ದಿಕ್ಕ ಅಲ್ಲೇನ್ರಿ?"

ಅಜ್ಜ ಬಾಯಲ್ಲಿದ್ದ ಎಲೆಯನ್ನು ಅಗಿಯುವುದು ನಿಲ್ಲಿಸಿದರು. ಮಾಳಿಗೆಯತ್ತ ನೋಡಿದರು, ತಮ್ಮ ಬೆನ್ನನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಪಕ್ಕದವರೂ ಮನಸ್ಸಿನಲ್ಲೇ ಹಲಗೆಯನ್ನು ಬಗ್ಗಿಸಿ, ಅದರ ಕೈಗೆ ಕಳೆ ಕೀಳುವ ಕುರುಚಿಗೆ ಕೊಟ್ಟು ನೋಡುತ್ತಿದ್ದಂತೆ ಕಂಡಿತು. ಒಬ್ಬರಿಗೆ ಮಾತ್ರ ಸಂಶಯ ಉಳಿಯಿತು.

"ಹಂಗಾದ್ರ ನಾವು ವಿಭೂತಿ ಹಚ್ಚಿದ್ದು ಬೆನ್ನಿಗೆ ಆತಲ್ಲವಾ?"

"ಅದಕ್ಕ ಸಿಟ್ಟಾಗೈತ್ರಿ ಅದು," ಎಂದರು ಅತ್ತೆ ನಗದೆ. "ಗಾಜ ತಿಕ್ಕಿ ತೊಳೀರಿ. ವಿಭೂತಿ ಹಿಂದಿನ ಬಾಜು ಹಚ್ಚರಿ. ಮಾಲಿನೂ ಅಲ್ಲೇ ಕಟ್ಟರಿ."

ನನಗೆ ಹೊರೆಯ ಕೆಳಗೆ ನಗು ತಡೆಯಲಾಗಲಿಲ್ಲ, ಹುಲ್ಲು ಅಲ್ಲಾಡಿತು. ಮಾವ ಹೆಂಡತಿಯನ್ನೇ ನೋಡುತ್ತಿದ್ದರು. ಇದೊಂದು ಆಟ ಎಂದು ಅವರಿಗೆ ಗೊತ್ತಾಗಿತ್ತು, ಆದರೆ ತಪ್ಪು ಹುಡುಕಲು ಆಗಲಿಲ್ಲ. ಮರುದಿನ ಬೆಳಿಗ್ಗೆ ಹಲಗೆ ಕಬ್ಬಿಣದ ಕಾಲುಗಳ ಮೇಲೆ ದಕ್ಷಿಣಕ್ಕೆ ವಾಲಿಕೊಂಡು ಕೂತಿತು. ಅದರ ಹೊಟ್ಟೆಯಡಿ ಮೂರು ಪಟ್ಟಿ ವಿಭೂತಿ. ಆ ದಿನದಿಂದ ಟ್ಯೂಬುಗಳು ಹಿರಿಯರ ಸುದ್ದಿ ಮುಗಿದು, ಜಗಳ ಮುಗಿದು, ಅವರು ಕಂಬಳಿ ಜಾಡಿಸಿ ಎದ್ದರೂ ಉರಿಯುತ್ತಲೇ ಇದ್ದವು. ಷರತ್ತಿನ ನಾಲ್ಕು ಸಂಜೆಗಳೂ ಹೀಗೆ ಪೂರಾ ಉರಿದು ಮುಗಿದವು. ಮಾವ ಮಾತಿಗೆ ತಪ್ಪುವವರಲ್ಲ. "ಆತು ತಗೋ," ಎಂದರು. ಎಂಜಿನ್ನಿಗೆ ಮಾತ್ರ ಎಂದಿಗಿಂತ ಹೆಚ್ಚು ಅಕ್ಕರೆಯಿಂದ ಎಣ್ಣೆ ಹಾಕಿದರು.

ಅರಿಷಿಣದ ದಿನ ಬೆಳಗಾಯಿತು, ಆಕಾಶದಲ್ಲಿ ಮೋಡ. ಮಾಘದಲ್ಲಿ ನಮ್ಮ ಎರೆಹೊಲದ ಸೀಮೆಗೆ ಮೋಡ ಬರುವುದೆಂದರೆ ಕರೆಯದೆ ಬರುವ ನೆಂಟರ ಹಾಗೆ. ನಾನು ಅದಕ್ಕೆ ಬಾಯಿಗೆ ಬಂದಂತೆ ಬೈದೆ. ಮಾವ ಅಂಗಳದಲ್ಲಿ ನಿಂತು ಮೇಲೆ ನೋಡಿ, ಸಿಳ್ಳೆ ಹಾಕುತ್ತ ತಗಡಿನ ಕೋಣೆಗೆ ಹೋಗಿ ಟ್ಯಾಂಕಿಗೆ ಡೀಸೆಲ್ ತುಂಬಿದರು. ಅವರು ಸಿಳ್ಳೆ ಹಾಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅತ್ತೆ ಅರಿಷಿಣ ಕಲಸುತ್ತಲೇ ಮತ್ತೆ ಮತ್ತೆ ಹೊರಗೆ ಬಂದು ಮುಗಿಲು ನೋಡುತ್ತಿದ್ದರು.

"ನಿನ್ನಿನ ಬಿಸಲ ಬ್ಯಾಟರಿಯೊಳಗ ಉಳದೈತ್ರಿ ಅತ್ತಿ," ಎಂದೆ.

"ನಿನ್ನಿದು ಇವತ್ತಿಗೆ ಉಳೀತೈತೇನ?"

"ಉಪ್ಪಿನಕಾಯಿ ಉಳದಂಗ ಉಳೀತೈತ್ರಿ."

ಅವರಿಗೆ ಅರ್ಧ ನಂಬಿಕೆ ಬಂತು. ನನಗೂ ಅಷ್ಟೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಗಾಳಿ ಬೀಸಿ ಮೋಡ ಅಲ್ಲಲ್ಲಿ ಹರಿಯಿತು, ತುಂಡು ತುಂಡು ಬಿಸಿಲು ಮಾಳಿಗೆಯ ಮೇಲೆ ಬಿತ್ತು. ಸಿಕ್ಕಷ್ಟು ಸಿಗಲಿ ಎಂದು ನಾನು ಮಾಳಿಗೆ ಹತ್ತಿ, ಹೊಸ ಸೀರೆಯ ಸೆರಗಿನಿಂದಲೇ ಗಾಜು ಒರೆಸಿ ಬಂದೆ.

ದೀಪ ಹಚ್ಚುವ ಹೊತ್ತಾಯಿತು. ಗುಂಡಿ ಒತ್ತಿದರು. ಟ್ಯೂಬುಗಳು ಎರಡು ಸಲ ಮಿಟುಕಿಸಿ ಹತ್ತಿಕೊಂಡವು. ಹಂದರದ ತುಂಬ ಹಾಲಿನಂಥ ಬೆಳಕು. ಅದರ ಹಿಂದೆಯೇ ನಮಗಾರಿಗೂ ಪರಿಚಯವಿಲ್ಲದ ಒಂದು ಸಂಗತಿ ನಡೆಯಿತು. ಎಲ್ಲರ ಮಾತು ಎಲ್ಲರಿಗೂ ಕೇಳತೊಡಗಿತು. ಮದುವೆಮನೆಯಲ್ಲಿ ಗಂಟಲು ಹರಿಯುವಂತೆ ಕೂಗಿ ರೂಢಿಯಾದವರು ಹಾಗೇ ಕೂಗಿದರು. "ಬೀಗತಿ ಸೀರಿ ಬಣ್ಣ ಹೋಗೈತಿ ನೋಡಲ್ಲಿ," ಎಂದು ನಮ್ಮ ದೊಡ್ಡತ್ತೆ ಪಕ್ಕದವಳ ಕಿವಿಯಲ್ಲಿ ಹೇಳಲು ಹೋದದ್ದು ಹಂದರದ ಆ ತುದಿಗೆ ಮುಟ್ಟಿತು. ಬೀಗತಿ ಒಳ್ಳೆಯ ಹೆಂಗಸು, "ಸೀರಿ ಹಳೇದ್ರಿ, ಕಿವಿ ಛಲೋ ಅದಾವ," ಎಂದಳು. ಹಂದರವೇ ಬಿದ್ದುಹೋಗುವಂತೆ ನಗು. ಆಮೇಲೆ ಎಲ್ಲರೂ ದನಿ ತಗ್ಗಿಸಿದರು. ಹೆಂಗಸರು ಸೋಬಾನೆ ಶುರು ಮಾಡಿದರು. ನನಗೆ ಆ ಪದಗಳಲ್ಲಿ ಅಷ್ಟೊಂದು ಮಾತುಗಳಿವೆ ಎಂದು ತಿಳಿದದ್ದೇ ಆಗ.

ಮಾವ ಹಂದರದೊಳಗೆ ಬಂದು ಕೂರಲಿಲ್ಲ. ಟ್ಯೂಬುಗಳ ಮೇಲೆ ಕಣ್ಣಿಟ್ಟು ಗಿರಣಿಯ ಬಾಗಿಲಲ್ಲೇ ನಿಂತಿದ್ದರು. ದೀಪ ಒಮ್ಮೆ ಮಿಣುಕಿದರೆ ಸಾಕು, ಓಡಿ ಹ್ಯಾಂಡಲ್ ಹೊಡೆಯುವ ತಯಾರಿ. ದೀಪ ಮಿಣುಕಲಿಲ್ಲ.

ನಾದಿನಿಗೆ ಅರಿಷಿಣ ಹಚ್ಚಿಯಾಯಿತು. ಅತ್ತೆ ಆರತಿ ತಟ್ಟೆ ಹಿಡಿದು ಎದ್ದರು. "ಹೆಸರ ಹೇಳ್ರಿ, ಹೆಸರ ಹೇಳ್ರಿ," ಎಂದು ಹೆಂಗಸರು ಗಂಟುಬಿದ್ದರು. ಅತ್ತೆ ಆರತಿಯ ಬತ್ತಿ ಸರಿಮಾಡಿದರು, ಮತ್ತೊಮ್ಮೆ ಸರಿಮಾಡಿದರು. ಇಷ್ಟು ವರ್ಷ ಯಾರಿಗೂ ಕೇಳಿಸುವುದಿಲ್ಲ ಎಂದು ಧೈರ್ಯವಾಗಿ ಹೇಳಿದವರಿಗೆ ಎಲ್ಲರಿಗೂ ಕೇಳಿಸುತ್ತದೆ ಎಂದಾಗ ಬಾಯಿ ಕಟ್ಟಿತೋ ಏನೋ ಎಂದುಕೊಂಡೆ. ಅತ್ತೆ ಗಿರಣಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಒಂದೇ ದನಿಯಲ್ಲಿ ಹೇಳಿದರು.

"ಎಣ್ಣಿ ಕುಡದು ಗುಡುಗೂದು ಗಿರಣ್ಯಾಗಿನ ಯಂತ್ರ,
ಬಿಸಲ ಕುಡದು ಬೆಳಗೂದು ಯಾವೂರಿನ ಮಂತ್ರ,
ಎರಡರ ಹಂಗಿಲ್ದ ನನ್ನ ಮನಿ ಬೆಳಗಿದವರು..."

ಕೊನೆಗೆ ಹೆಸರು ಹೇಳಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಸೊಸೆಯಾದವಳು ಬರೆಯಬಾರದು. ಹೆಂಗಸರು ಈ ಸಲ ತುಟಿ ನೋಡಿ ನಗಲಿಲ್ಲ, ಒಡಪು ಕೇಳಿ ನಕ್ಕರು, ಕೈ ತಟ್ಟಿದರು. ನನ್ನ ಕಣ್ಣು ಒದ್ದೆಯಾಗಿದ್ದವು, ಒರೆಸಿಕೊಳ್ಳಲು ಸೆರಗು ಎತ್ತಿದರೆ ಅದರ ತುಂಬ ಗಾಜಿನ ದೂಳು.

ಆಗ ಮಾವ ಗಿರಣಿಯ ಬಾಗಿಲು ಬಿಟ್ಟು ನಡೆದು ಬಂದರು. ಗಂಡಸರು ಕೂತ ಸಾಲು ದಾಟಿ ಹೆಂಗಸರ ಹಂದರದ ಅಂಚಿಗೆ ಬಂದು ನಿಂತರು. ಹಾಗೆ ಅವರು ಎಂದೂ ಬಂದವರಲ್ಲ.

"ಗದ್ದಲದಾಗ ಕಡೀ ಮಾತ ಕೇಳ್ಲಿಲ್ಲ," ಎಂದರು, ಹೆಂಡತಿಗೆ. "ಇನ್ನೊಮ್ಮಿ ಹೇಳು."

ಒಂದು ಆರತಿಗೆ ಒಂದೇ ಒಡಪು. ಎರಡನೆಯದನ್ನು ಅತ್ತೆ ಕಟ್ಟಿಯೂ ಇರಲಿಲ್ಲ. ಅತ್ತೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಪ್ರಾಸವಿಲ್ಲದೆ, ಒಡಪಿಲ್ಲದೆ, ಬದುವಿನಾಚೆ ನಿಂತವರನ್ನು ಕರೆಯುವ ಹಾಗೆ, ಬರಿಯ ಹೆಸರನ್ನು ಹೇಳಿದರು.

ಮಾವ ನಿಂತಲ್ಲಿಂದಲೇ "ಓ" ಎಂದರು.